ಲವಂಗದ ಮರ

ಬೆಂಗಳೂರು ದಂಡಿನ ಭಾಗದ ರಸೆಲ್ ಮಾರುಕಟ್ಟೆಗೆ ತಿಂಗಳಿಗೊಮ್ಮೆ ಹೋಗಿಬರುವುದು ನಮ್ಮ ಮನೆಯಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. 1927ರಲ್ಲಿ ಕಟ್ಟಿ 1933ರಲ್ಲಿ ತೆರೆದ ಆ ಕಟ್ಟಡದೊಳಗೆ ಹೂವು, ಹಣ್ಣು, ಕಾಯಿಪಲ್ಯಗಳ ಸಾಲುಗಳನ್ನು ದಾಟಿ ಸಂಬಾರದ ಅಂಗಡಿಯನ್ನು ಸೇರಿದೊಡನೆ, ಲವಂಗವನ್ನು ಪರೀಕ್ಷಿಸುವ ಅಧಿಕಾರವು ನಮ್ಮ ಅತ್ತೆಯವರದು. ಉಗುರಿನಿಂದ ಒತ್ತಿದರೆ ಎಣ್ಣೆ ಜಿನುಗಬೇಕು. ತುದಿಯ ಗುಂಡು ಉದುರಿರಬಾರದು. ಹಿಂದೊಮ್ಮೆ ಅಂಗಡಿಯವರು, "ಇದು ಜಾಂಜಿಬಾರಿನ ಮಾಲು, ತಾಯಿ" ಎಂದರು. ಅಂದಿನಿಂದ ಆ ಹೆಸರು ಅತ್ತೆಯವರ ಬಾಯಲ್ಲಿ ನಿಂತುಹೋಯಿತು.

ಆದುದರಿಂದಲೇ, ಪೂರ್ವ ಆಫ್ರಿಕದ ಕಾಡುಮೃಗಗಳನ್ನು ನೋಡಿಬರಬೇಕೆಂದು ನಾವು ಹಣ ಕೂಡಿಸಿದಾಗ, ಕಡೆಯ ಮೂರು ದಿನಗಳನ್ನು ಜಾಂಜಿಬಾರ್ ದ್ವೀಪಕ್ಕೆಂದು ಇಟ್ಟೆವು. ಅದು ಅತ್ತೆಯವರ ಸಲುವಾಗಿಯೇ. ಆದರೆ ಇಲ್ಲಿ ನಮ್ಮದೊಂದು ತಪ್ಪು ನಡೆಯಿತು. ಕೀನ್ಯಾ ದೇಶದಿಂದ ಹಿಂದಿರುಗುವವರು ಹಳದಿ ಜ್ವರದ ಲಸಿಕೆಯ ಪತ್ರವನ್ನು ತೋರಿಸಬೇಕು. ಲಸಿಕೆಯನ್ನು ಹತ್ತು ದಿನ ಮುಂಚೆಯೇ ಹಾಕಿಸಿಕೊಂಡಿರಬೇಕು. ಅದು ಜೀವಂತ ರೋಗಾಣುವಿನ ಲಸಿಕೆಯಾದುದರಿಂದ ಅರುವತ್ತು ದಾಟಿದವರಿಗೆ ಕೊಡುವ ಮೊದಲು ವೈದ್ಯರು ಬಹಳ ಯೋಚಿಸುವರು. ನಾವು ಟಿಕೀಟುಗಳನ್ನು ಕೊಂಡ ಮೇಲೆ ವೈದ್ಯರನ್ನು ಕೇಳಿದೆವು. ಎಪ್ಪತ್ತೆರಡರ ಅತ್ತೆಯವರಿಗೆ ಅವರು ಬೇಡವೆಂದುಬಿಟ್ಟರು. ವೃದ್ಧರನ್ನು ಕರೆದೊಯ್ಯುವ ವಾಚಕರು ಈ ಕ್ರಮವನ್ನು ತಿರುಗಿಸಿಕೊಂಡರೆ ಒಳಿತು. ಅತ್ತೆಯವರು ಒಂದು ಮಾತನ್ನೂ ಆಡಲಿಲ್ಲ. ಹೊರಡುವ ದಿನ ಮಾತ್ರ, "ಲವಂಗದ ಮರವನ್ನು ನೋಡಿ ಬನ್ನಿ" ಎಂದರು.

ಸಫಾರಿ ಎಂದರೆ ಸ್ವಾಹಿಲಿ ಭಾಷೆಯಲ್ಲಿ ಪ್ರಯಾಣವೆಂದಷ್ಟೇ ಅರ್ಥ. ಶಿವಾಜಿನಗರದ ವರ್ತಕರು ಉರ್ದುವಿನಲ್ಲಿ ಆಡುವ 'ಸಫರ್' ಎಂಬ ಅರಬ್ಬೀ ಮಾತೇ ಅದರ ಮೂಲ. ಮಸಾಯಿ ಮಾರಾ ಬಯಲಿನಲ್ಲಿ ಸಿಂಹ, ಆನೆ, ಜಿರಾಫೆಗಳನ್ನು ಕಂಡೆವು. ಆದರೆ ಮನಸ್ಸಿನಲ್ಲಿ ಉಳಿದುದು ವಿಲ್ಡೆಬೀಸ್ಟ್ ಎಂಬ ಹುಲ್ಲೆಯ ಜಾತಿಯ ಪ್ರಾಣಿ. ದನದ ಮೋರೆ, ಕುದುರೆಯ ಬಾಲ, ಮೇಕೆಯ ಗಡ್ಡ. ಹತ್ತು ಲಕ್ಷಕ್ಕೂ ಮಿಕ್ಕಿದ ಇವು ಮಳೆಯನ್ನೂ ಹೊಸ ಹುಲ್ಲನ್ನೂ ಅನುಸರಿಸಿ ಟಾಂಜಾನಿಯಾದ ಸೆರೆಂಗೆಟಿಯಿಂದ ಇಲ್ಲಿಗೆ ಬಂದು ಮತ್ತೆ ಹಿಂದಿರುಗುವುವು. ದಾರಿಯಲ್ಲಿ ಮೊಸಳೆಗಳಿರುವ ಮಾರಾ ನದಿ. ದಡದಲ್ಲಿ ಹಿಂಡು ಗಂಟೆಗಟ್ಟಲೆ ಹಿಂದುಮುಂದು ನೋಡಿತು. ಒಂದು ಧುಮುಕಿದೊಡನೆ ಎಲ್ಲವೂ ಧುಮುಕಿದವು. ಆಚೆಯ ದಡವನ್ನೇರಿದ ತಾಯೊಂದು ಕರುವನ್ನು ಕಾಣದೆ ಕೂಗುತ್ತಾ ಕೂಗುತ್ತಾ, ದಾಟಿ ಬಂದ ನೀರಿಗೇ ಮತ್ತೆ ಇಳಿಯಿತು. ಮನೆಯಲ್ಲಿ ಬಿಟ್ಟುಬಂದವರ ನೆನಪಾಗಿ ಗಾಡಿಯಲ್ಲಿ ಯಾರೂ ಮಾತನಾಡಲಿಲ್ಲ.

ಜಾಂಜಿಬಾರಿನ ಬಿಳಿಯ ಮರಳೂ ತಿಳಿನೀಲಿ ಕಡಲೂ ಚೆಲುವೇ ಸರಿ. ಎರಡನೆಯ ದಿನ ತೋಟಕ್ಕೆ ಹೋಗಿ ಮರವನ್ನು ನೋಡಿದೆವು. ಲವಂಗವೆಂಬುದು ಕಾಯಲ್ಲ, ಅರಳದ ಮೊಗ್ಗು. ಅದು ನಸುಗೆಂಪಾದೊಡನೆ, ಅರಳುವ ಮುನ್ನ, ಎತ್ತರದ ಕೊಂಬೆಗಳನ್ನು ಹತ್ತಿ ಕೈಯಿಂದಲೇ ಗೊಂಚಲು ಕೊಯ್ಯಬೇಕು. ತೊಟ್ಟಿನಿಂದ ಒಂದೊಂದನ್ನೇ ಬಿಡಿಸಬೇಕು. ಚಾಪೆಯ ಮೇಲೆ ಕಂದಾಗುವತನಕ ಬಿಸಿಲಿಗೆ ಹಾಕಬೇಕು.

ಸಂಜೆ ಹಳೆಯ ಪಟ್ಟಣದ ಇಗರ್ಜಿಗೆ ಹೋದೆವು. ಗುಲಾಮರನ್ನು ಮಾರುತ್ತಿದ್ದ ಸಂತೆಯ ನೆಲದಲ್ಲಿಯೇ ಅದನ್ನು ಕಟ್ಟಿರುವರು. ಹತ್ತೊಂಬತ್ತನೆಯ ಶತಮಾನದಲ್ಲಿ ಒಮಾನಿನ ಸುಲ್ತಾನರ ಆಳಿಕೆಯಲ್ಲಿ ಬೆಳೆದ ಲವಂಗದ ತೋಟಗಳು, ಒಳನಾಡಿನಿಂದ ಹಿಡಿದು ತಂದ ಗುಲಾಮರ ದುಡಿಮೆಯಿಂದಲೇ ಬೆಳೆದವು. ಆ ತೋಟಗಳಿಗೆ ಸಾಲ ಕೊಟ್ಟವರಲ್ಲಿ ನಮ್ಮ ಕಚ್ಛಿನ ವರ್ತಕರೂ ಇದ್ದರೆಂಬುದನ್ನು ಮರೆಯಬಾರದು. ಸಂತೆಯು ಮುಚ್ಚಿದುದು 1873ರಲ್ಲಿ. ದಾಸ್ಯವನ್ನು ಕಾನೂನು ಕೈಬಿಟ್ಟುದು 1897ರಲ್ಲಿ. ಅಂಗಳದ ಕುಳಿಯೊಳಗೆ ಕೊರಳಿಗೆ ಸರಪಳಿ ತೊಟ್ಟ ಪ್ರತಿಮೆಗಳು ನಿಂತಿವೆ. ಬೆಳಗ್ಗೆ ಕೊಂಡ ಲವಂಗದ ಪೊಟ್ಟಣ ನಮ್ಮ ಕೈಚೀಲದಲ್ಲಿಯೇ ಇತ್ತು.

ಮನೆಗೆ ಬಂದಾಗ ಅತ್ತೆಯವರು ಸಿಂಹದ ಸುದ್ದಿಯನ್ನು ಕೇಳಲಿಲ್ಲ. "ಮರ ಹೇಗಿದೆ? ಅಷ್ಟೆತ್ತರ ಹತ್ತಿ ಯಾರು ಕೊಯ್ಯುತ್ತಾರೆ?" ಎಂದು ಕೇಳಿದರು. ಇಂದಿನ ಕೂಲಿಯವರ ಸಂಗತಿಯನ್ನೂ ಅಂದಿನ ಗುಲಾಮರ ಸಂಗತಿಯನ್ನೂ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಎಣ್ಣೆ ಜಿನುಗುವುದನ್ನು ಮಾತ್ರ ನೋಡಿದೆ" ಎಂದರು.

ಮರುತಿಂಗಳು ಎಂದಿನಂತೆ ರಸೆಲ್ ಮಾರುಕಟ್ಟೆಗೆ ಹೋದೆವು. ಅತ್ತೆಯವರು ಎಂದಿನಂತೆಯೇ ಉಗುರಿನಿಂದ ಒತ್ತಿ ನೋಡಿದರು. ತೂಗುವಾಗ ನಾಲ್ಕಾರು ಲವಂಗ ನೆಲಕ್ಕೆ ಬಿದ್ದವು. "ಹೋಗಲಿ ಬಿಡಿ ತಾಯಿ, ಬೇರೆ ಹಾಕುತ್ತೇನೆ" ಎಂದರು ಅಂಗಡಿಯವರು. ನಾವು ಬೇಡವೆನ್ನುವಷ್ಟರಲ್ಲಿ ಅತ್ತೆಯವರು ಮಂಡಿಯೂರಿ, ಒಂದೊಂದನ್ನೇ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡರು.