ಕೇಳಿಸದ ಮಗುವಿಗೆ ಮೊದಲ ಸಾಲು



ನಮ್ಮ ಬೇಗೂರು ಒಂದು ಕಾಲಕ್ಕೆ ಕೆರೆ, ಶಾಸನಗಳ ಹಳ್ಳಿ. ಈಗ ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿವೆ. ಅವನ್ನು ಕಟ್ಟಲು ರಾಯಚೂರು, ಕಲಬುರಗಿ ಕಡೆಯಿಂದ ಬಂದವರ ಮಕ್ಕಳು ಸರ್ಕಾರಿ ಶಾಲೆಗೆ ಬರುತ್ತಾರೆ. ಹೋದ ವರ್ಷ ಅಂಥದೊಂದು ಶಾಲೆಗೆ ನೋಟ್‌ಬುಕ್ ಹಂಚಲು ಹೋಗಿದ್ದೆ. ಕೊನೆಯ ಬೆಂಚಿನ ಹುಡುಗಿ ಹೆಸರು ಕರೆದರೂ ಏಳಲಿಲ್ಲ. ‘ಸ್ವಲ್ಪ ಮಂದ ಸಾರ್’ ಎಂದರು ಮೇಷ್ಟ್ರು. ಪಕ್ಕದವಳು ಭುಜ ಮುಟ್ಟಿದಾಗ ಎದ್ದು ಬಂದಳು. ಪುಸ್ತಕದ ಮೇಲೆ ತನ್ನ ಹೆಸರನ್ನು ತಪ್ಪಿಲ್ಲದೆ ಬರೆದಳು. ಮಂದವಾಗಿದ್ದದ್ದು ಅವಳ ಕಿವಿ.

ನನಗೆ ನಾಚಿಕೆಯಾಯಿತು. ಸೇವೆಯಲ್ಲಿದ್ದಾಗ ಇಂಥ ಎಷ್ಟೋ ಕೊಠಡಿಗಳ ನಕ್ಷೆಗೆ ಸಹಿ ಹಾಕಿದವನು ನಾನು. ಗಾಳಿ, ಬೆಳಕು, ಕಬ್ಬಿಣದ ಲೆಕ್ಕ ಮಾಡಿದೆವು. ಗಾಲಿಕುರ್ಚಿಗೆ ರ‍್ಯಾಂಪ್ ಹಾಕಿದೆವು. ಸದ್ದಿನ ಲೆಕ್ಕ ಮಾಡಲಿಲ್ಲ. ಬರಿಗೋಡೆ, ತಗಡಿನ ಚಾವಣಿಯ ಕೋಣೆಯಲ್ಲಿ ಮಾತು ಮಾರ್ದನಿಗೊಂಡು ಕಲಸಿಹೋಗುತ್ತದೆ. ದೂರ ಇಮ್ಮಡಿಯಾದಂತೆಲ್ಲ ಮೇಷ್ಟ್ರ ನೇರ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಶ್ರವಣ ಯಂತ್ರವು ಮಾತಿನ ಜೊತೆ ಫ್ಯಾನಿನ ಸದ್ದನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಮೊದಲ ಸಾಲಿನ ಬೆಂಚು, ಗೋಡೆಗೊಂದು ದಪ್ಪ ಪರದೆ, ಬೋರ್ಡಿನತ್ತ ತಿರುಗಿ ಪಾಠ ಹೇಳದ ಶಿಕ್ಷಕ: ಇಷ್ಟಕ್ಕೆ ಬಜೆಟ್ ಬೇಕಿಲ್ಲ.

ಕಾನೂನು ನಮ್ಮ ಕಡೆಗಿದೆ. ಶೇ. 40 ಅಥವಾ ಹೆಚ್ಚು ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣವನ್ನು 2016ರ ಕಾಯ್ದೆ ಕೊಟ್ಟಿದೆ. ಸನ್ನೆ ಭಾಷೆ ಬಲ್ಲ ಶಿಕ್ಷಕರು ಬೇಕೆಂದೂ ಹೇಳಿದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ವಿಶೇಷ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರಿದ್ದಾರೆ. ಆದರೆ ಹಳ್ಳಿಯ ತಾಯಿಗೆ ಈ ದಾರಿ ತೋರಿಸುವವರು ಯಾರು? ‘ಮಾತು ತಡವಾಗಿ ಬರುತ್ತದೆ’, ‘ಹಿಂದಿನ ಜನ್ಮದ ಕರ್ಮ’ ಎನ್ನುತ್ತಾ, ಹರಕೆ ಹೊರುತ್ತಾ ಭಾಷೆ ಕಲಿಯುವ ಎಳೆಯ ವರ್ಷಗಳೇ ಕಳೆದುಹೋಗುತ್ತವೆ. ಕರ್ಮದ ಈ ಮಾತನ್ನು ಶರಣರು ಎಂದೋ ತಳ್ಳಿಹಾಕಿದರು. ನಮ್ಮ ಮನೆಗಳು ಇನ್ನೂ ಬಿಟ್ಟಿಲ್ಲ.

ಆ ಹುಡುಗಿಗೆ ಈಗ ಯಂತ್ರ ಬಂದಿದೆ. ಎರಡು ವಾರಕ್ಕೊಮ್ಮೆ ಬ್ಯಾಟರಿ ಬೇಕು. ಮುಗಿದ ದಿನ ಯಂತ್ರ ಡಬ್ಬಿ ಸೇರುತ್ತದೆ, ಅವಳು ಮತ್ತೆ ‘ಮಂದ’ ಆಗುತ್ತಾಳೆ.

ಪೂಜ್ಯರಲ್ಲಿ, ಮಠದ ಶಾಲೆ ನಡೆಸುವವರಲ್ಲಿ ನನ್ನ ಬಿನ್ನಹ ಮೂರು. ಜೂನ್‌ನಲ್ಲಿ ದಾಖಲಾತಿಯೊಂದಿಗೆ ಪ್ರತಿ ಮಗುವಿನ ಕಿವಿ ಪರೀಕ್ಷೆಯಾಗಲಿ. ಸುತ್ತಲ ಸರ್ಕಾರಿ ಶಾಲೆಯ ಮಕ್ಕಳಿಗೆ ಬ್ಯಾಟರಿ ನಮ್ಮ ದಾಸೋಹದಿಂದ ಹೋಗಲಿ. ಯಂತ್ರದಿಂದಲೂ ಕೇಳಿಸದ ಮಕ್ಕಳಿಗಾಗಿ ಪ್ರತಿ ಶಾಲೆಯಲ್ಲೂ ಒಬ್ಬರಾದರೂ ಸನ್ನೆ ಭಾಷೆ ಕಲಿಯಲಿ.

ಅನುಭವ ಮಂಟಪದಲ್ಲಿ ಎಲ್ಲರಿಗೂ ಮಾತಿತ್ತು ಎಂದು ಹೆಮ್ಮೆಪಡುತ್ತೇವೆ. ಕಿವಿ ಕೇಳದ ಮಗುವೊಂದು ನಾಳೆ ನಮ್ಮ ಶಿವಾನುಭವ ಗೋಷ್ಠಿಗೆ ಬಂದರೆ ಎಲ್ಲಿ ಕೂರಿಸುತ್ತೇವೆ?