ಸೆರೆಮನೆಯಿಂದ ಗುರುಪೀಠಕ್ಕೆ

ನ್ಯಾಯಾಲಯವು ವಿಧಿಸಿದ ಶಿಕ್ಷೆಯನ್ನು ಅನುಭವಿಸಿ ಹೊರಬಂದವನು ಕೂಲಿಯನ್ನೋ ವ್ಯಾಪಾರವನ್ನೋ ಮಾಡಿ ಬದುಕಬಹುದೆಂಬುದನ್ನು ಒಪ್ಪದವರು ವಿರಳ. ಆದರೆ ಅವನೇ ಪಾದ್ರಿಯ ನಿಲುವಂಗಿಯನ್ನು ತೊಟ್ಟು, ಬಲಿಪೀಠದ ಮುಂದೆ ನಿಂತು, ಪರರ ಪಾಪಗಳಿಗೆ ದೇವರ ಕ್ಷಮೆಯನ್ನು ಸಾರತೊಡಗಿದಾಗ ಉದಾರಹೃದಯರ ಮನಸ್ಸೂ ಒಂದು ಕ್ಷಣ ಹಿಂಜರಿಯುವುದು. ಆ ಹಿಂಜರಿಕೆಯನ್ನು ಸಂಕುಚಿತಬುದ್ಧಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಬ್ರಿಟನ್ನಿನ ಜೊನಾಥನ್ ಏಟ್ಕನ್ನನ ವೃತ್ತಾಂತವನ್ನು ನೋಡಿರಿ. 1974ರಿಂದ ಪಾರ್ಲಿಮೆಂಟಿನ ಸದಸ್ಯನಾಗಿ, 1994ರಲ್ಲಿ ಮಂತ್ರಿಮಂಡಲದಲ್ಲಿ ಸ್ಥಾನ ಪಡೆದ ಈತನು, ತಾನು ಪ್ಯಾರಿಸ್ಸಿನ ರಿಟ್ಜ್ ಹೋಟೆಲಿನಲ್ಲಿ ತಂಗಿದ್ದಾಗಿನ ಬಿಲ್ಲನ್ನು ಯಾರು ತೆತ್ತರೆಂದು ಪ್ರಶ್ನಿಸಿದ ಗಾರ್ಡಿಯನ್ ಪತ್ರಿಕೆಯ ಮೇಲೆ ಮಾನನಷ್ಟದ ದಾವೆ ಹೂಡಿ, ತನ್ನ ಹೆಂಡತಿಯೇ ಹಣ ಕೊಟ್ಟಳೆಂದು ಪ್ರಮಾಣಮಾಡಿ ನುಡಿದನು. ಆಗ ಆಕೆ ಸ್ವಿಟ್ಜರ್ಲೆಂಡಿನಲ್ಲಿದ್ದಳೆಂಬುದಕ್ಕೆ ದಾಖಲೆಗಳು ದೊರೆತೊಡನೆ, 1997ರಲ್ಲಿ, ದಾವೆ ಮುರಿದುಬಿದ್ದಿತು. ಹದಿಹರೆಯದ ಮಗಳ ಹೆಸರಿನಲ್ಲಿಯೂ ಸುಳ್ಳು ಹೇಳಿಕೆಯೊಂದನ್ನು ಸಿದ್ಧಪಡಿಸಲಾಗಿದ್ದಿತೆಂಬುದು ಈ ಪ್ರಕರಣದ ಅತ್ಯಂತ ದಾರುಣ ಅಂಶವೆಂದು ನನಗೆ ತೋರುತ್ತದೆ. 1999ರಲ್ಲಿ ಆತನಿಗೆ 18 ತಿಂಗಳ ಸೆರೆವಾಸ ವಿಧಿಸಲಾಯಿತು. ಸುಮಾರು ಏಳು ತಿಂಗಳ ಬಳಿಕ ಬಿಡುಗಡೆಯಾಯಿತು. ಬೆಲ್‌ಮಾರ್ಷ್ ಸೆರೆಮನೆಯಲ್ಲಿ ಓದುಬರಹ ಬಾರದ ಕೈದಿಗಳು ಮನೆಯಿಂದಲೋ ವಕೀಲರಿಂದಲೋ ಬಂದ ಕಾಗದಗಳನ್ನು ಹಿಡಿದು ಆತನನ್ನು ಅರಸಿ ಬರುತ್ತಿದ್ದರು. ಒಂದು ಕಾಲಕ್ಕೆ ಸರ್ಕಾರದ ಹಣಕಾಸಿನ ಕಡತಗಳನ್ನು ನಿರ್ವಹಿಸಿದ ಕೈ ಅವರಿಗೆ ಉತ್ತರ ಬರೆದುಕೊಡುತ್ತಿದ್ದಿತು. ಅನಂತರ ಆಕ್ಸ್‌ಫರ್ಡಿನಲ್ಲಿ ದೇವಶಾಸ್ತ್ರವನ್ನು ಅಭ್ಯಸಿಸಿ, 2018ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಆಂಗ್ಲಿಕನ್ ಸಭೆಯ ದೀಕ್ಷೆಯನ್ನು ಪಡೆದು, ಲಂಡನ್ನಿನ ಪೆಂಟನ್‌ವಿಲ್ ಸೆರೆಮನೆಯ ಕೈದಿಗಳ ಪಾದ್ರಿಯಾದನು.

ಸುಳ್ಳುಪ್ರಮಾಣ ಮಾಡಿದ ನಾಲಗೆಯಿಂದ ಹೊರಡುವ ಆಶೀರ್ವಾದಕ್ಕೆ ಬೆಲೆಯುಂಟೆ? ಕ್ರೈಸ್ತಸಭೆಯು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎದುರಿಸಿದ್ದಿತು. 303ರಲ್ಲಿ ಆರಂಭವಾದ ಡಯೋಕ್ಲೀಷಿಯನ್ ಚಕ್ರವರ್ತಿಯ ಹಿಂಸಾಚಾರಕ್ಕೆ ಅಂಜಿ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ್ದ ಪಾದ್ರಿಗಳು ಕೊಡುವ ಸಂಸ್ಕಾರಗಳು ನಿಷ್ಫಲವೆಂದು ಉತ್ತರ ಆಫ್ರಿಕಾದ ಡೊನಾಟಿಸ್ಟರು ಸಾಧಿಸಿದರು; ಸಂಸ್ಕಾರದ ಪಾವಿತ್ರ್ಯವು ಕ್ರಿಸ್ತನದೇ ಹೊರತು ಅದನ್ನು ನೀಡುವ ಪಾದ್ರಿಯದಲ್ಲವೆಂದು ಸಂತ ಅಗಸ್ಟೀನನು ಅವರನ್ನು ಖಂಡಿಸಿದನು. ಈ ವಾದದಲ್ಲಿ ಅಗಸ್ಟೀನನ ಪಕ್ಷವೇ ನನ್ನದು. ಏಕೆಂದರೆ ಪಾದ್ರಿಯ ಅಂತರಂಗವನ್ನು ಅಳೆದ ಮೇಲೆಯೇ ಕ್ಷಮೆ ದೊರೆಯುವುದಾದರೆ, ಸಾಯುವ ಹೊತ್ತಿನಲ್ಲಿ ಪಾದ್ರಿಗಾಗಿ ಹಂಬಲಿಸುವ ಮುದುಕಿಗೆ ಯಾವ ಭರವಸೆಯೂ ಉಳಿಯದು.

ಇದಕ್ಕಿಂತ ಭಾರವಾದ ಆಕ್ಷೇಪಣೆ ಇನ್ನೊಂದುಂಟು. ಗುರುಪೀಠವು ಗೌರವದ ಸ್ಥಾನ. ಅಪರಾಧಿಯು ಅದರ ಮೂಲಕ ಕಳೆದುಕೊಂಡ ಮಾನವನ್ನು ಅಗ್ಗವಾಗಿ ಮರಳಿ ಗಳಿಸುತ್ತಿರುವನೆಂದೂ, ಅವನಿಂದ ನೊಂದವರು ಕೈಮುಗಿದು ನಿಲ್ಲಬೇಕಾಗುವುದೆಂದೂ ಶಂಕಿಸುವವರಿಗೆ ಉತ್ತರ ಕೊಡುವುದು ಸುಲಭವಲ್ಲ. ನಮ್ಮ ಬೌದ್ಧ ಪರಂಪರೆಯು ಇದನ್ನು ಮರೆಮಾಚಲಿಲ್ಲ. ಕೊಲೆಗಡುಕ ದಸ್ಯುವಾಗಿದ್ದು ಭಿಕ್ಷುವಾದ ಅಂಗುಲಿಮಾಲನು ಭಿಕ್ಷೆಗೆ ಹೋದಾಗ ಕಲ್ಲೇಟು ತಿಂದು, ತಲೆಯೊಡೆದು, ಹರಿದ ಚೀವರದೊಡನೆ ಮರಳಿದನು. ಸಹಿಸಿಕೋ ಎಂದು ಬುದ್ಧನು ಹೇಳಿದನೇ ಹೊರತು ಹೊಡೆದವರನ್ನು ದೂಷಿಸಲಿಲ್ಲ. ಅಷ್ಟೇ ಅಲ್ಲ, ಜನರು ದೂರಿಕೊಂಡ ಮೇಲೆ, ಕುಖ್ಯಾತನಾದ ದಸ್ಯುವಿಗೆ ಇನ್ನು ಮುಂದೆ ಪ್ರವ್ರಜ್ಯೆ ಕೊಡಬಾರದೆಂದು ಭಿಕ್ಷುಸಂಘದ ಕಟ್ಟಳೆಯಾದ ವಿನಯದಲ್ಲಿ ನಿಯಮವನ್ನೂ ವಿಧಿಸಲಾಯಿತು. ಕ್ಷಮೆಯು ಒಂದು, ಅಧಿಕಾರವು ಇನ್ನೊಂದು. ಮೊದಲನೆಯದು ದೊರೆತವನಿಗೆ ಎರಡನೆಯದರ ಮೇಲೆ ಹಕ್ಕು ತಾನಾಗಿ ಹುಟ್ಟದು. ಏಟ್ಕನ್ನನ ದೀಕ್ಷೆಯನ್ನು ನಾನು ಸಮರ್ಥಿಸುವುದು ಬಿಡುಗಡೆಗೂ ದೀಕ್ಷೆಗೂ ನಡುವೆ ಹದಿನೆಂಟು ವರ್ಷಗಳು ಕಳೆದುದರಿಂದ, ಮತ್ತು ಆತನು ದೀಕ್ಷೆ ಪಡೆದು ಮತ್ತೆ ಸೆರೆಮನೆಯೊಳಕ್ಕೇ ಹೋದುದರಿಂದ.

ಕೊಲೆಯ ವಿಷಯವು ಇನ್ನೂ ಕಠಿನ. ಬುದ್ಧಿಪೂರ್ವಕವಾಗಿ ನರಹತ್ಯೆ ಮಾಡಿದವನಿಗೆ ಕ್ಯಾಥೊಲಿಕ್ ಸಭೆಯ 1983ರ ಧರ್ಮಸಂಹಿತೆಯು ದೀಕ್ಷೆಯನ್ನು ನಿಷೇಧಿಸಿ, ಅದಕ್ಕೆ ವಿನಾಯಿತಿ ಕೊಡುವ ಅಧಿಕಾರವನ್ನು ರೋಮಿನಲ್ಲಿಯೇ ಇರಿಸಿಕೊಂಡಿದೆ. ಸ್ಕಾಟ್ಲೆಂಡಿನ ಪ್ರೆಸ್ಬಿಟೀರಿಯನ್ ಸಭೆಯಾದರೋ, ಹೆತ್ತ ತಾಯಿಯನ್ನೇ ಕೊಂದು ಸೆರೆವಾಸ ಅನುಭವಿಸಿ ಬಂದ ಜೇಮ್ಸ್ ನೆಲ್ಸನ್ನನ ವಿಷಯವನ್ನು 1984ರಲ್ಲಿ ತನ್ನ ಮಹಾಸಭೆಯ ಮುಂದಿಟ್ಟು, ದೀರ್ಘವಾಗಿ ಚರ್ಚಿಸಿ, ಬಹುಮತದಿಂದ ಅನುಮತಿ ನೀಡಿತು. ಮುಂದೆ ಆತನು ಚಾಪೆಲ್‌ಹಾಲ್ ಎಂಬ ಊರಿನಲ್ಲಿ ಸಭಾಪಾಲಕನಾದನು. ಒಬ್ಬ ಬಿಷಪ್ಪನು ಮುಚ್ಚಿದ ಕೋಣೆಯಲ್ಲಿ ಅನುಗ್ರಹಿಸುವುದಕ್ಕಿಂತ ಈ ಕ್ರಮವೇ ಮೇಲು. ಅಲ್ಲಿ ಅಪರಾಧದ ಹೆಸರನ್ನು ಎಲ್ಲರೆದುರು ಎತ್ತಿದರು, ವಿರೋಧಿಸಿದವರ ಮತಗಳನ್ನೂ ಎಣಿಸಿದರು. ಅದರಿಂದಾಗಿ, ಆತನನ್ನು ಗುರುವೆಂದು ಸ್ವೀಕರಿಸಿದ ಊರಿನವರು ತಾವು ಸ್ವೀಕರಿಸುತ್ತಿರುವುದು ಯಾರನ್ನೆಂಬುದನ್ನು ತಿಳಿದೇ ಸ್ವೀಕರಿಸಿದರು.