ಸೀಟು ಕೊಟ್ಟಿರಿ, ಪಾಠ ಎಲ್ಲಿ?

ಕಿವುಡ ವಿದ್ಯಾರ್ಥಿಗೆ ಸಂಜ್ಞಾ ಭಾಷೆಯ ದುಭಾಷಿ ಬೇಕು ಎಂದರೆ ಸಾಕು, ನಮ್ಮ ವಿಶ್ವವಿದ್ಯಾಲಯಗಳ ಬಾಯಲ್ಲಿ ಉತ್ತರ ಸಿದ್ಧ. ನೋಟ್ಸ್ ಕೊಡುತ್ತೇವಲ್ಲ, ಮೊಬೈಲಿನಲ್ಲಿ ಆ್ಯಪ್ ಇದೆಯಲ್ಲ, ಒಬ್ಬಿಬ್ಬರಿಗಾಗಿ ಹುದ್ದೆ ಸೃಷ್ಟಿಸಲಾದೀತೇ, ಪಕ್ಕದಲ್ಲಿ ಕೂತ ಗೆಳೆಯನೇ ಹೇಳಿಕೊಟ್ಟರಾಯಿತು. ಹೀಗೆನ್ನುವವರೇ ಸೆಪ್ಟೆಂಬರ್ 23ರಂದು ಸಂಜ್ಞಾ ಭಾಷಾ ದಿನಕ್ಕೆ ವೇದಿಕೆ ಕಟ್ಟಿಸಿ, ನಾಡಗೀತೆಗೆ ಕೈಸನ್ನೆ ಮಾಡಿಸಿ, ಫೋಟೊ ತೆಗೆಸಿಕೊಳ್ಳುತ್ತಾರೆ. ಅಂಗವಿಕಲರ ಹಕ್ಕುಗಳ ಕಾಯ್ದೆ–2016ರ 32ನೇ ಸೆಕ್ಷನ್ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ ಶೇ 5ರಷ್ಟು ಸೀಟುಗಳನ್ನು ಅಂಗವಿಕಲರಿಗೆ ಮೀಸಲಿಡಬೇಕು. ಈ ಐದರ ಲೆಕ್ಕಕ್ಕೆ ಕಿವುಡರನ್ನೂ ಸೇರಿಸಿಕೊಂಡು, ಪಾಠ ತಲುಪುವ ದಾರಿಯನ್ನು ಮಾತ್ರ ಮುಚ್ಚುವುದೆಂದರೆ ಎಲೆ ಹಾಕಿ ಬಡಿಸದೆ ಎಬ್ಬಿಸಿದಂತೆ. ಸೀಟು ಕೊಟ್ಟ ಸಂಸ್ಥೆಯೇ ದುಭಾಷಿಯನ್ನು ಸಂಬಳದ ಮೇಲೆ ನೇಮಿಸಬೇಕು. ಆ ಖರ್ಚನ್ನು ದಾನದ ಬಾಬ್ತಿಗೆ ಹಾಕದೆ ಬೋಧನೆಯ ಬಾಬ್ತಿಗೇ ಹಾಕಬೇಕು.

ದುಭಾಷಿ ಎಂದರೆ ಕೈ ಆಡಿಸುವ ಯಾರೋ ಒಬ್ಬರು ಎಂದುಕೊಂಡವರು ಒಂದು ಗಣಿತದ ಕ್ಲಾಸಿನಲ್ಲಿ ಹೋಗಿ ಕೂರಲಿ. ಮೇಷ್ಟ್ರು ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯುತ್ತಲೇ ‘ಇದನ್ನ ಇಲ್ಲಿಗೆ ಹಾಕಿದ್ರೆ ಇದು ಹೋಗುತ್ತೆ, ಅದು ಉಳಿಯುತ್ತೆ’ ಅನ್ನುತ್ತಾರೆ. ಯಾವುದು ‘ಇದು’, ಯಾವುದು ‘ಅದು’ ಎಂಬುದು ವಿಷಯ ಗೊತ್ತಿರುವ ದುಭಾಷಿಗೆ ಮಾತ್ರ ಹೊಳೆಯುತ್ತದೆ. ಸಂಜ್ಞೆಯಿಲ್ಲದ ಪಾರಿಭಾಷಿಕ ಪದ ಬಂದರೆ ಒಂದೊಂದೇ ಅಕ್ಷರವನ್ನು ಬೆರಳಲ್ಲಿ ಬಿಡಿಸಿ ತೋರಿಸಬೇಕು. ಅಷ್ಟರಲ್ಲಿ ಮೇಷ್ಟ್ರು ಎರಡು ಸಾಲು ಮುಂದೆ ಹೋಗಿರುತ್ತಾರೆ. ಭಾರತೀಯ ಸಂಜ್ಞಾ ಭಾಷೆಗೆ ಅದರದೇ ವ್ಯಾಕರಣವಿದೆ, ಅದರಲ್ಲಿ ಕೈಯಷ್ಟೇ ಕೆಲಸವನ್ನು ಹುಬ್ಬು, ತುಟಿ, ಭುಜಗಳೂ ಮಾಡುತ್ತವೆ. ಕೇಳಿದ್ದನ್ನು ಬಿಡಿಸಿ ಇನ್ನೊಂದು ವ್ಯಾಕರಣದಲ್ಲಿ ಕಟ್ಟುತ್ತಲೇ ಮುಂದಿನ ವಾಕ್ಯಕ್ಕೆ ಕಿವಿ ಕೊಡಬೇಕು. ಇಪ್ಪತ್ತು, ಮೂವತ್ತು ನಿಮಿಷ ಹೀಗೆ ಎಳೆದರೆ ತಲೆ ದಣಿದು ತಪ್ಪು ನುಸುಳುತ್ತದೆ. ಅದಕ್ಕೇ ದೀರ್ಘ ತರಗತಿಗೆ ಇಬ್ಬರು ಸರದಿಯ ಮೇಲೆ ನಿಲ್ಲುವುದು ಈ ವೃತ್ತಿಯ ಪದ್ಧತಿ. ಇಷ್ಟನ್ನೂ ಗೆಳೆಯನ ತಲೆಗೆ ಕಟ್ಟುವವರಿಗೆ, ಆ ಗೆಳೆಯನೂ ಫೀಸು ಕಟ್ಟಿ ಪಾಠ ಕೇಳಲು ಬಂದವನು ಎಂಬುದು ಮರೆತೇಹೋಗಿದೆ.

ಇನ್ನು ಆ್ಯಪ್ ಪುರಾಣ. ನಮ್ಮ ತರಗತಿಗಳ ಪಾಠ ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಮೇಲೆ ಫ್ಯಾನಿನ ಗರಗರ, ಹಿಂದಿನ ಬೆಂಚಿನ ಗದ್ದಲ. ಆ ಕಲಸುಮೇಲೋಗರವನ್ನು ಯಂತ್ರ ತಪ್ಪಿಲ್ಲದೆ ಬರೆದುಕೊಟ್ಟಿತೆಂದೇ ಇಟ್ಟುಕೊಳ್ಳೋಣ. ಸಂಜ್ಞಾ ಭಾಷೆಯಲ್ಲೇ ಯೋಚಿಸುವ ಎಷ್ಟೋ ಕಿವುಡರಿಗೆ ಬರಹದ ಕನ್ನಡವೂ ಇಂಗ್ಲಿಷೂ ಆಮೇಲೆ ಕಲಿತ ಭಾಷೆಗಳು. ಶಾಲೆಯಲ್ಲಿ ‘ತುಟಿ ನೋಡಿ ತಿಳಿದುಕೋ’ ಎಂದು ವರ್ಷಗಟ್ಟಲೆ ಕಾಡಿ, ಅವರ ಭಾಷೆಯಲ್ಲಿ ಒಂದು ಪಾಠವನ್ನೂ ಹೇಳದೆ ಮೇಲಕ್ಕೆ ದೂಡಿ, ಈಗ ‘ನೋಟ್ಸ್ ಓದಿಕೋ’ ಎನ್ನಲು ಭಂಡ ಧೈರ್ಯ ಬೇಕು. ಅದೂ ಅಲ್ಲದೆ ನೋಟ್ಸು ಒಂದೇ ದಿಕ್ಕಿನ ದಾರಿ. ಸೆಮಿನಾರಿನಲ್ಲಿ ಆಕ್ಷೇಪ ಎತ್ತಬೇಕು, ವೈವಾದಲ್ಲಿ ವಾದಿಸಬೇಕು ಎಂದರೆ ವಿದ್ಯಾರ್ಥಿಯ ಸಂಜ್ಞೆಗೆ ದನಿ ಕೊಡುವವರು ಬೇಡವೇ? ಅಥವಾ ಕಿವುಡರು ಪ್ರಶ್ನೆ ಕೇಳದಿದ್ದರೇ ಒಳ್ಳೆಯದು ಎಂಬ ಲೆಕ್ಕಾಚಾರವೇ?

ದುಡ್ಡಿಲ್ಲ, ಜನ ಸಿಗುವುದಿಲ್ಲ ಎಂಬುದು ಕೊನೆಯ ಆಸರೆ. ‘ಒಬ್ಬಿಬ್ಬರು’ ಎನ್ನುವವರು ನೋಡಲಿ, 2011ರ ಜನಗಣತಿಯೇ ದೇಶದಲ್ಲಿ ಶ್ರವಣದೋಷವುಳ್ಳವರು ಸುಮಾರು 50 ಲಕ್ಷ ಎಂದು ಎಣಿಸಿತ್ತು. 2015ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ದುಭಾಷಿಗಳಿಗೆಂದೇ ಡಿಪ್ಲೊಮಾ ನಡೆಸುತ್ತಿದೆ. ಮುಂದೆ ಹುದ್ದೆಯೇ ಇಲ್ಲದ ಕೋರ್ಸಿಗೆ ಯಾರು ಸೇರುತ್ತಾರೆ? ಹುದ್ದೆ ಕೊಡದೆ ಜನವಿಲ್ಲ ಎನ್ನುವುದು, ಜನವಿಲ್ಲ ಎಂದು ಹುದ್ದೆ ಕೊಡದಿರುವುದು, ಇದೇ ಸುತ್ತು. ಕರೆಸಿದರೂ ಗಂಟೆಯ ಲೆಕ್ಕದ ಗೌರವಧನ, ಅದಕ್ಕೂ ತಿಂಗಳುಗಟ್ಟಲೆ ಬಿಲ್ಲು ಹಿಡಿದು ಅಲೆದಾಟ. ಅಚ್ಚರಿಯೇನಿಲ್ಲ ಬಿಡಿ. ಸರ್ಕಾರಿ ಪದವಿ ಕಾಲೇಜುಗಳನ್ನೇ ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಸುತ್ತಿರುವ ನಾಡಿದು. ಪಾಠ ಹೇಳುವವರನ್ನೇ ವರ್ಷಗಳಿಂದ ‘ಅತಿಥಿ’ ಎಂದು ಕರೆದು ಬಾಗಿಲಲ್ಲೇ ನಿಲ್ಲಿಸಿದವರಿಗೆ ದುಭಾಷಿಯ ಹೊಟ್ಟೆಪಾಡು ಎಲ್ಲಿ ಕಂಡೀತು? ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆಂದರೆ ರ್‍ಯಾಂಪಿಗೆ ಬಣ್ಣ ಬಳಿಯಲು ಮಾತ್ರ ಹಣ ಹೇಗೋ ಹುಟ್ಟಿಕೊಳ್ಳುತ್ತದೆ.

ಕಾನೂನು ಇಲ್ಲಿ ಗೊಂದಲವನ್ನೇನೂ ಉಳಿಸಿಲ್ಲ. ಅಗತ್ಯ ಅನುಕೂಲವನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಅದೇ ಕಾಯ್ದೆಯ 2ನೇ ಸೆಕ್ಷನ್ ಹೇಳುತ್ತದೆ. ವಿಪರೀತ ಹೊರೆಯಾಗಬಾರದು ಎಂಬ ಅದರ ಮಾತನ್ನು ಗುರಾಣಿ ಮಾಡಿಕೊಳ್ಳುವವರು ಮೊದಲು ತಮ್ಮ ಬಜೆಟ್ ತೆರೆದು ತೋರಿಸಲಿ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಲಾಪದಲ್ಲಿ, 2024ರ ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ದುಭಾಷಿಯ ಮೂಲಕ ಪಾಲ್ಗೊಂಡರು. ಒಂದು ಪದ ಹೆಚ್ಚುಕಡಿಮೆಯಾದರೆ ಕೇಸೇ ತಿರುಗಿಬೀಳುವ ನ್ಯಾಯಾಲಯಕ್ಕೆ ಒಗ್ಗಿದ ವ್ಯವಸ್ಥೆ ಬಿ.ಕಾಂ ತರಗತಿಗೆ ಒಗ್ಗುವುದಿಲ್ಲವಂತೆ! ಸಿಂಡಿಕೇಟುಗಳು ಕಾಯಂ ಹುದ್ದೆ ಮಂಜೂರು ಮಾಡಲಿ, ಬೋಧಕರಿಗೆ ಸಮನಾದ ವೇತನಶ್ರೇಣಿ ಕೊಡಲಿ, ಪಾಠದ ಸಾಮಗ್ರಿಯನ್ನು ದುಭಾಷಿಗಳ ಕೈಗೆ ಮುಂಚೆಯೇ ತಲುಪಿಸಲಿ. ಅದಾಗುವುದಿಲ್ಲ ಎಂದಾದರೆ ಪ್ರಾಸ್ಪೆಕ್ಟಸ್‌ನಲ್ಲಿ ಶೇ 5ರ ಪಕ್ಕದಲ್ಲಿ ‘ಕಿವುಡರಿಗೆ ಸೀಟು ಮಾತ್ರ, ಪಾಠ ಸೇರಿಲ್ಲ’ ಎಂದೂ ಅಚ್ಚು ಹಾಕಿಸಲಿ.